ಮರ ಕೊಯ್ಯುವ ಯಂತ್ರ ಸುಟ್ಟದ್ದು ಯಾಕೆ?

ನಮ್ಮ ಅಪ್ಪಯ್ಯ ತೋಟಗಳಲ್ಲಿ ಬಿದ್ದ ಮರ, ಸಿಲ್ವರ್ ಓಕ್ ಕೊಯ್ದು ಕೊಡುತ್ತಾರೆ. ಕಳೆದ ಬೇಸಿಗೆಯಲ್ಲಿ ಅವರ ಚೈನ್ ಗರಗಸದ ಎಂಜಿನ್ ಎರಡು ಸಲ ಸುಟ್ಟಿತು. ಎರಡನೇ ಸಲ ಬೈಸಿಕೊಂಡದ್ದು ನಾನು! ಆ ಸಂಗತಿಯನ್ನೂ ಅದರೊಳಗಿನ ವಿಜ್ಞಾನವನ್ನೂ ಇಲ್ಲಿ ಬರೆದಿದ್ದೇನೆ.

ಇದು ಎರಡು ಸ್ಟ್ರೋಕಿನ ಎಂಜಿನ್. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ನಮ್ಮದಕ್ಕೆ 1 ಲೀಟರಿಗೆ 20 ಮಿ.ಲೀ., ಅಂದರೆ 50ಕ್ಕೆ 1. ಅಳೆದು ಬೆರೆಸುವುದು ನನ್ನ ಕೆಲಸ.

ಮೊದಲ ಸಲ ಪೇಟೆಯಲ್ಲಿ ಒಬ್ಬರು ಪಿಸ್ಟನ್ ಬದಲಾಯಿಸಿ ಕೊಟ್ಟರು. ಎಂಟೇ ದಿನಕ್ಕೆ ಮತ್ತೆ ಅದೇ ಗತಿ. "ನೀನು ಎಣ್ಣೆ ಹಾಕೋದು ಮರ್ತಿದೀಯ" ಅಂತ ಅಪ್ಪಯ್ಯ ಗದರಿದರು. ನಾನು ಹಾಕಿದ್ದೆ. ಆದರೆ ತೋರಿಸೋದು ಹೇಗೆ? ಅತ್ತುಬಿಟ್ಟೆ.

ಬೇರೊಬ್ಬ ಮೆಕ್ಯಾನಿಕ್ ಅಣ್ಣನ ಹತ್ತಿರ ನಾನೂ ಹೋದೆ. ಅವರು ಬಿಳಿ ಕಾಗದದ ಮೇಲೆ ನಮ್ಮ ಟ್ಯಾಂಕಿನದು ಒಂದು ಹನಿ, ಬರೀ ಪೆಟ್ರೋಲಿನದು ಒಂದು ಹನಿ ಹಾಕಿದರು. ಬರೀ ಪೆಟ್ರೋಲು ಆರಿ ಗುರುತೇ ಉಳಿಯಲಿಲ್ಲ. ನಮ್ಮದರಲ್ಲಿ ಎಣ್ಣೆಯ ಕಲೆ ಉಳಿಯಿತು. "ತಂಗಿ ಎಣ್ಣೆ ಹಾಕಿದಾಳೆ. ಇದು ಗಾಳಿ ಹೆಚ್ಚಾಗಿ ಸುಟ್ಟದ್ದು" ಅಂದರು.

ಗಾಳಿ ಹೆಚ್ಚಾದರೆ ಏನಾಗುತ್ತದೆ?

1 ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಈ ಎಂಜಿನ್ನಿಗೆ ಪೆಟ್ರೋಲನ್ನು ತುಸು ಹೆಚ್ಚೇ ಕೊಡುತ್ತಾರೆ. ಅದು ಆವಿಯಾಗುವಾಗ ಒಳಗೆ ತಂಪು ಮಾಡುತ್ತದೆ. ಪೆಟ್ರೋಲು ಕಡಿಮೆಯಾದರೆ ಶಾಖ ಏರುತ್ತದೆ, ಜೊತೆಗೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ವೇಗವೋ ನಿಮಿಷಕ್ಕೆ 12,000 ಸುತ್ತು, ಅಂದರೆ ಸೆಕೆಂಡಿಗೆ 200! ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಉಜ್ಜಿ ಅಂಟುತ್ತದೆ. ಹೊಗೆ ಹೊರಹೋಗುವ ಬದಿ ಹೆಚ್ಚು ಬಿಸಿ. ನಮ್ಮ ಪಿಸ್ಟನ್ನಿಗೆ ಗೀರು ಬಿದ್ದದ್ದೂ ಆ ಬದಿಗೇ.

ಗಾಳಿ ಬಂದದ್ದು ಎಲ್ಲಿಂದ?

ಅಣ್ಣ ಎಂಜಿನ್ನಿನ ತೂತುಗಳನ್ನೆಲ್ಲ ಮುಚ್ಚಿ, ಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟು, ಮೇಲೆ ಸೋಪಿನ ನೀರು ಹಚ್ಚಿದರು. ಸೈಕಲ್ ಪಂಕ್ಚರ್ ಹುಡುಕಿದ ಹಾಗೆಯೇ! ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ರಬ್ಬರ್ ಕೊಳವೆಯ ಮಡಿಕೆಯಲ್ಲಿ ಗುಳ್ಳೆ ಎದ್ದಿತು. ಕೂದಲೆಳೆಯಷ್ಟು ಬಿರುಕು. ಮೊದಲ ಸಲ ಅದನ್ನು ಯಾರೂ ನೋಡಿರಲಿಲ್ಲ.

ರಿಪೇರಿ ಮಾಡಿದ ಕ್ರಮ:

1. ಸಿಲಿಂಡರಿನ ಒಳಗೆ ಉಗುರು ಆಡಿಸಿ ನೋಡಿದರು. ಗೀರು ಉಗುರಿಗೆ ಸಿಕ್ಕಿದರೆ ಸಿಲಿಂಡರನ್ನೇ ಬದಲಾಯಿಸಬೇಕಂತೆ. ನಮ್ಮದರಲ್ಲಿ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು, ಅಷ್ಟೇ.

2. ಅದಕ್ಕೆ ಕಡ್ಡಿಗೆ ಸುತ್ತಿದ ಹತ್ತಿಯಿಂದ ಹೈಡ್ರೋಕ್ಲೋರಿಕ್ ಆಮ್ಲ ಮುಟ್ಟಿಸಿದರು. ಬುಸ್ ಎಂದು ಗುಳ್ಳೆ ಬಂತು. ನಾವು ಪಾಠದಲ್ಲಿ ಓದಿದ ಹೈಡ್ರೋಜನ್! ಒಳಗಿನ ನಿಕಲ್ ಲೇಪ ಅಷ್ಟು ಬೇಗ ಕರಗುವುದಿಲ್ಲ. ಆದರೆ ಲೇಪ ಹೋದಲ್ಲಿ ಆಮ್ಲ ಸಿಲಿಂಡರನ್ನೇ ತಿನ್ನುತ್ತದೆ. ಕೈಗೂ ಕಣ್ಣಿಗೂ ಅಪಾಯ. ನೀವು ಮಾಡಬೇಡಿ.

3. ನೀರಿನಲ್ಲಿ ತೊಳೆದು ಒರೆಸಿ, ಹೊಸ ಪಿಸ್ಟನ್, ರಿಂಗು ಹಾಕಿದರು. ಪಿಸ್ಟನ್ ಮೇಲಿನ ಬಾಣದ ಗುರುತು ಹೊಗೆ ಹೋಗುವ ಬದಿಗೆ ಇರಬೇಕು.

4. ಹೊಸ ರಬ್ಬರ್ ಕೊಳವೆ ಹಾಕಿ, ಸೋಪಿನ ನೀರಿನಿಂದ ಮತ್ತೊಮ್ಮೆ ಪರೀಕ್ಷೆ ಮಾಡಿದರು.

5. ಕಾರ್ಬುರೇಟರಿನ ಸ್ಕ್ರೂವನ್ನು ಚೂರು ಚೂರೇ ಬಿಚ್ಚಿ ಪೆಟ್ರೋಲು ಹೆಚ್ಚಿಸಿ, ಶಬ್ದ ಕೇಳಿ ಹದ ಮಾಡಿದರು.

ನಿಮ್ಮ ಮನೆಯಲ್ಲೂ ಇಂಥ ಯಂತ್ರವೋ ಕಳೆ ಕೊಚ್ಚುವ ಮಿಷನ್ನೋ ಇದ್ದರೆ ನೆನಪಿಡಿ: ಶಬ್ದ ಕೀಚಲಾದರೆ, ಆಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯದಿದ್ದರೆ ಕೂಡಲೇ ನಿಲ್ಲಿಸಿ. ಸುಟ್ಟ ಭಾಗ ಬದಲಾಯಿಸಿದರೆ ಸಾಲದು, ಸುಟ್ಟ ಕಾರಣ ಹುಡುಕಬೇಕು.

ಬರುವಾಗ ಅಪ್ಪಯ್ಯ ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ. ಬಸ್ ಇಳಿದ ಮೇಲೆ ಚೀಲದಿಂದ ಅಳತೆಯ ಗೆರೆಯಿರುವ ಹೊಸ ಬಾಟಲಿ ತೆಗೆದು, "ಇನ್ನು ಮುಂದೂ ನೀನೇ ಬೆರೆಸು" ಅಂದರು.