ಮುಚ್ಚಳ ಬದಲಿಸಿದರೂ ಆರದ ದೀಪ

ನ್ಯೂಜೆರ್ಸಿಯಿಂದ ಬರೆದಿದ್ದೀರಿ: ಚೆಕ್ ಇಂಜಿನ್ ದೀಪ ಉರಿಯುತ್ತಿದೆ, ಸ್ಕ್ಯಾನರ್ ಪಿ0453 ತೋರಿಸುತ್ತಿದೆ, ಪೆಟ್ರೋಲ್ ಮುಚ್ಚಳ ಬದಲಿಸಿದರೂ ಪ್ರಯೋಜನವಾಗಿಲ್ಲ. ಆಗುವಂತೆಯೂ ಇರಲಿಲ್ಲ. ಆ ಕೋಡ್ ಸೋರಿಕೆಯದ್ದಲ್ಲ. ಟ್ಯಾಂಕ್ ಒತ್ತಡದ ಸೆನ್ಸರ್‌ನಿಂದ ಬರುವ ವೋಲ್ಟೇಜ್ ಮಿತಿಮೀರಿದೆ ಎಂದು ಅದರ ಅರ್ಥ.

ಹಾಗೆಂದು ಹೊಸ ಸೆನ್ಸರ್ ಕೊಳ್ಳಲು ಓಡಬೇಡಿ. ಇಂಜಿನ್ ತಣ್ಣಗಿರುವಾಗ, ಬಯಲಲ್ಲಿ ಗಾಡಿ ನಿಲ್ಲಿಸಿ ಮುಚ್ಚಳ ತೆಗೆಯಿರಿ. ಈಗ ಟ್ಯಾಂಕಿನ ಒಳಗೂ ಹೊರಗೂ ಒಂದೇ ಒತ್ತಡ. ಬಹುತೇಕ ಗಾಡಿಗಳಲ್ಲಿ ಸ್ಕ್ಯಾನರ್ ಸೊನ್ನೆಯ ಆಸುಪಾಸು ತೋರಿಸಬೇಕು. ತೋರಿಸದಿದ್ದರೆ ಸೆನ್ಸರ್ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಮಲ್ಟಿಮೀಟರ್ ಹಿಡಿಯಿರಿ. ಒಂದು ತಂತಿಯಲ್ಲಿ 5 ವೋಲ್ಟ್ ಇರಬೇಕು, ಇನ್ನೊಂದು ಗಟ್ಟಿಯಾದ ಗ್ರೌಂಡ್ ಆಗಿರಬೇಕು. ಗ್ರೌಂಡ್ ಕಡಿದುಹೋಗಿದ್ದರೂ ಸಿಗ್ನಲ್ ಮೇಲೇರಿ ಇದೇ ಕೋಡ್ ಬರುತ್ತದೆ. ಸೆನ್ಸರ್ ಪಾಪ, ನಿರಪರಾಧಿ! ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕನೆಕ್ಟರಿನ ಪಿನ್ನುಗಳನ್ನು ತಿಂದುಹಾಕುತ್ತದೆ. ಹಸಿರು ಕಿಲುಬು ಕಂಡರೆ ಮೊದಲು ಅದನ್ನು ಸರಿಪಡಿಸಿ.

ವೈರಿಂಗ್ ಸರಿಯಿದ್ದರೆ ಸೆನ್ಸರ್ ಬದಲಿಸಿ. ಕೆಲವು ಮಾದರಿಗಳಲ್ಲಿ ಟ್ಯಾಂಕನ್ನೇ ಇಳಿಸಬೇಕಾಗುತ್ತದೆ. ಪೆಟ್ರೋಲ್ ಆವಿಯ ಜೊತೆ ಮನೆಯ ಗ್ಯಾರೇಜಿನಲ್ಲಿ ಆಟ ಬೇಡ, ಮೆಕ್ಯಾನಿಕ್‌ಗೆ ಬಿಡಿ. ದೀಪ ಉರಿಯುತ್ತಿದ್ದರೆ ನಿಮ್ಮ ರಾಜ್ಯದ ಇನ್‌ಸ್ಪೆಕ್ಷನ್‌ನಲ್ಲಿ ಗಾಡಿ ಪಾಸಾಗದು. ಕೋಡ್ ಅಳಿಸಿದ ಕೂಡಲೇ ಅಲ್ಲಿಗೆ ಹೋಗಬೇಡಿ. ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಕೆಲವು ದಿನ ಓಡಿಸಿ.