ಪಲ್ಪರ್ ನೀರು ಹಳ್ಳಕ್ಕೆ ಬಂದರೆ

ಪ್ರಶ್ನೆ: ನಮ್ಮೂರು ಸಕಲೇಶಪುರದ ಬಳಿ. ಮೇಲಿನ ತೋಟದಲ್ಲಿ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ) ಶುರುವಾದರೆ ಹಳ್ಳದ ನೀರು ಕಪ್ಪಾಗಿ ನಾರುತ್ತದೆ, ಮೀನು ಸಾಯುತ್ತವೆ. ಕುಡಿಯುವ ಬಾವಿ ದಡದಲ್ಲೇ ಇದೆ. ಏನು ಮಾಡಲಿ?

ಉತ್ತರ: ಪರೀಕ್ಷೆಯ ವರದಿ ಬರುವವರೆಗೆ ಬಾವಿ ನೀರು ಕುಡಿಯಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಹಸುಗೂಸುಗಳಿಗೆ ಹೆಚ್ಚು ಅಪಾಯ.

ಪಂಚಾಯ್ತಿಯಲ್ಲಿ ವಿಚಾರಿಸಿ, ಸರ್ಕಾರಿ ಪ್ರಯೋಗಾಲಯದಿಂದಲೇ ಬಾಟಲಿ ತನ್ನಿ. ಬಾವಿಯಿಂದ, ಮತ್ತು ಪಲ್ಪರ್ ನೀರು ಸೇರುವ ಜಾಗದ ಮೇಲೆ, ಕೆಳಗೆ ಒಂದೇ ದಿನ ಮಾದರಿ ಹಿಡಿದು, ಐಸ್ ಪೆಟ್ಟಿಗೆಯಲ್ಲಿ ಅಂದೇ ತಲುಪಿಸಿ. ಪಿಎಚ್, ಬಿಒಡಿ (ಕೊಳೆಯುವ ವಸ್ತು ನೀರಿನ ಆಮ್ಲಜನಕ ಹೀರುವ ಪ್ರಮಾಣ), ನೈಟ್ರೇಟ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ನೋಡಿಸಿ.

ವರದಿ ಹಿಡಿದು ತೋಟದವರ ಜತೆ ಮಾತಾಡಿ. ಪಲ್ಪರ್‌ನಿಂದ ಬರುವ ಹುಳಿ ನೀರನ್ನು ಅವರು ಸೋರದ ತೊಟ್ಟಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಸಂಸ್ಕರಿಸಬೇಕು. ಸಿಪ್ಪೆಯನ್ನು ಹಳ್ಳದಿಂದ ದೂರ ಗೊಬ್ಬರ ಮಾಡಬೇಕು. ಒಪ್ಪದಿದ್ದರೆ ಫೋಟೊ, ದಿನಾಂಕ, ವರದಿ ಸಹಿತ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 1974ರ ಜಲ ಕಾಯ್ದೆ ನಿಮ್ಮ ಪರ ಇದೆ. ಆಗಲೂ ನಿಲ್ಲದಿದ್ದರೆ ವಕೀಲರನ್ನು ಕಾಣಿ.

ನಿಮ್ಮ ಗದ್ದೆಯಿಂದಲೂ ಗೊಬ್ಬರ ಹರಿಯದಿರಲಿ: ಯೂರಿಯಾ ಕಂತುಗಳಲ್ಲಿ ಕೊಡಿ, ದಡದಲ್ಲಿ ಲಾವಂಚ ನೆಡಿ, ಸ್ಪ್ರೇ ಕ್ಯಾನ್ ಹಳ್ಳದಲ್ಲಿ ತೊಳೆಯಬೇಡಿ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದರೆ ಅಥವಾ ಕೂಸಿನ ತುಟಿ ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.