ಟ್ರಂಕು ಹೋಯಿತು, ಲೆಕ್ಕವೂ ಹೋಯಿತು

2017ರಿಂದ 2020ರೊಳಗೆ, ಕರ್ನಾಟಕದ ನೆಲದಲ್ಲೇ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಬೋರ್ಡಿನಿಂದ ಅಳಿಸಿಹೋಯಿತು. ಮೊದಲು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನೊಳಗೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದ ಪಾಲಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಬೆಂಗಳೂರಿನ ಮೈಸೂರು ಬ್ಯಾಂಕ್ ಸರ್ಕಲ್ ಮಾತ್ರ ಜನರ ಬಾಯಲ್ಲಿ ಇವತ್ತಿಗೂ ಮೈಸೂರು ಬ್ಯಾಂಕ್ ಸರ್ಕಲ್ಲೇ.

ನನ್ನ ವಯಸ್ಸಿನವರು ನಾಲ್ಕು ಜನ ಸೇರಿದರೆ ಇಂಥವೆಲ್ಲ ಮಾತಿಗೆ ಬರುತ್ತವೆ. ಮನಿಯಾರ್ಡರು, ಕೈಬರಹದ ಪಾಸ್‌ಬುಕ್ಕು, ಶೆಟ್ಟರ ಅಂಗಡಿಯ ಉದ್ರಿ ಪುಸ್ತಕ, ನಾಲ್ಕಾಣೆ ಪಾವಲಿ, ಮಂಚದ ಕೆಳಗಿನ ಕಬ್ಬಿಣದ ಟ್ರಂಕು. ಕೊನೆಗೆ ಯಾರಾದರೂ "ಆ ಕಾಲವೇ ಚೆನ್ನಾಗಿತ್ತು ಬಿಡ್ರಿ" ಅನ್ನುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ದುಡ್ಡಿನ ವಿಷಯದಲ್ಲಿ ಆ ಮಾತು ಅರ್ಧ ಸುಳ್ಳು. ಉಳಿದರ್ಧ ಎಷ್ಟು ನಿಜ ಎಂಬುದು ನನಗೆ ಅರಿವಾದದ್ದು ಮನೆಯಲ್ಲಿ ಸಾವಾದಾಗ.

ಮೊದಲು ಸುಳ್ಳಿನ ಅರ್ಧವನ್ನು ನೋಡಿಬಿಡೋಣ. "ಆಗ ಐದೂವರೆ ವರ್ಷಕ್ಕೆ ದುಡ್ಡು ಡಬಲ್ ಆಗುತ್ತಿತ್ತು" ಎಂದು ನಿಟ್ಟುಸಿರು ಬಿಡುವವರು ಬಹಳ. ನಿಜ, 1988ರಲ್ಲಿ ಬಂದ ಕಿಸಾನ್ ವಿಕಾಸ ಪತ್ರ ಐದೂವರೆ ವರ್ಷಕ್ಕೆ ದುಪ್ಪಟ್ಟಾಗುತ್ತಿತ್ತು, ಎಂದರೆ ವರ್ಷಕ್ಕೆ ಸುಮಾರು ಶೇ 13ರ ಬಡ್ಡಿ. ಪಿಪಿಎಫ್‌ಗೆ 1986ರಿಂದ 2000ದ ಆರಂಭದವರೆಗೆ ಶೇ 12 ಇತ್ತು. ಆದರೆ 1991ರಲ್ಲಿ ಬೆಲೆ ಏರಿಕೆಯೂ ಶೇ 13 ದಾಟಿತ್ತು. ಅಕ್ಕಿ, ಎಣ್ಣೆ, ಬಸ್ ಚಾರ್ಜು ಎಲ್ಲವೂ ಅದೇ ವೇಗದಲ್ಲಿ ಓಡುತ್ತಿದ್ದಾಗ ಆ ಬಡ್ಡಿಯಲ್ಲಿ ಕೈಗೆ ಹತ್ತಿದ್ದು ಅಲ್ಪ. 2023ರ ಏಪ್ರಿಲ್‌ನಲ್ಲಿ ಅದೇ ಪತ್ರಕ್ಕೆ ಶೇ 7.5ರ ಬಡ್ಡಿ ನಿಗದಿಯಾಗಿ, ದುಪ್ಪಟ್ಟಾಗುವ ಅವಧಿ 115 ತಿಂಗಳಾಯಿತು. ನೋಡಲು ಕಡಿಮೆ ಅನಿಸುತ್ತದೆ. ಬೆಲೆ ಏರಿಕೆ ಕಳೆದು ನೋಡಿದರೆ ಅಂದಿಗಿಂತ ಕೆಟ್ಟದ್ದೇನಲ್ಲ.

ಮನಿಯಾರ್ಡರಿಗೆ ಪ್ರತಿ 20 ರೂಪಾಯಿಗೆ ಒಂದು ರೂಪಾಯಿ ಕಮಿಷನ್, ಎಂದರೆ ನೂರಕ್ಕೆ ಐದು. ಬೆಂಗಳೂರಿನ ಕಾರ್ಖಾನೆಯಲ್ಲಿದ್ದ ನಮ್ಮ ಚಿಕ್ಕಪ್ಪ ಅಜ್ಜಿಗೆ ಕಳಿಸುತ್ತಿದ್ದ ಇನ್ನೂರು ರೂಪಾಯಿಗೆ ಹತ್ತು ರೂಪಾಯಿ ಅಂಚೆ ಇಲಾಖೆಗೆ ಹೋಗುತ್ತಿತ್ತು. ಮೇಲೆ ಪೋಸ್ಟ್‌ಮ್ಯಾನ್‌ಗೆ ಅಜ್ಜಿಯ ಕಾಫಿ, ಹಬ್ಬದ ತಿಂಗಳಾದರೆ ಎರಡು ರೂಪಾಯಿ ಭಕ್ಷೀಸು. ಇವತ್ತು ಯುಪಿಐನಲ್ಲಿ ಅದೇ ಹಣ ಬಿಡಿಗಾಸಿನ ಖರ್ಚಿಲ್ಲದೆ, ಕಣ್ಣು ಮಿಟುಕಿಸುವುದರೊಳಗೆ ತಲುಪುತ್ತದೆ.

ಇಂದಿರಾ ವಿಕಾಸ ಪತ್ರದ ಕಥೆ ಇನ್ನೂ ಕಷ್ಟದ್ದು. 1986ರಲ್ಲಿ ಬಂದು 1999ರಲ್ಲಿ ನಿಂತ ಆ ಪತ್ರದ ಮೇಲೆ ಕೊಂಡವರ ಹೆಸರೇ ಇರುತ್ತಿರಲಿಲ್ಲ. ಕೈಯಲ್ಲಿ ಯಾರು ಹಿಡಿದಿದ್ದರೋ ಹಣ ಅವರದು. ಗೆದ್ದಲು ತಿಂದರೆ, ಮಳೆಯಲ್ಲಿ ನೆನೆದು ಮುದ್ದೆಯಾದರೆ, ಯಾರಾದರೂ ಎತ್ತಿಕೊಂಡು ಹೋದರೆ ಮುಗಿಯಿತು, ದೂರು ಹೇಳಲೂ ದಾರಿಯಿಲ್ಲ. ಕಾಗದದ ಷೇರುಗಳ ಪಾಡೂ ಅಷ್ಟಕ್ಕಷ್ಟೆ. ಸಹಿ ಹೊಂದಲಿಲ್ಲವೆಂದು ಕಂಪನಿ ತಿರುಗಿಸಿ ಕಳಿಸಿದ ಲಕೋಟೆಗಳನ್ನು ನೋಡಿದವರಿಗೆ ಡಿಮ್ಯಾಟ್ ಬಂದದ್ದು ವರವೇ ಅನ್ನಿಸಿತು. ಹಾಗಾಗಿ ಹಳೆಯ ವ್ಯವಸ್ಥೆ ಅಗ್ಗವೂ ಆಗಿರಲಿಲ್ಲ, ಭದ್ರವೂ ಆಗಿರಲಿಲ್ಲ. ಅದು ವಾಪಸ್ಸು ಬರಲಿ ಎಂದು ನಾನಂತೂ ಹಂಬಲಿಸುವುದಿಲ್ಲ.

ಇನ್ನು ನಿಜದ ಅರ್ಧ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ನಮ್ಮಪ್ಪ ಮೇಷ್ಟ್ರು. ತಿಂಗಳ ಮೊದಲ ವಾರದಲ್ಲಿ ಅವ್ವ ನನ್ನನ್ನೋ ಅಕ್ಕನನ್ನೋ ಕರೆದು, "ಪೋಸ್ಟಾಫೀಸಿಗೆ ಹೋಗಿ ಆರ್‌ಡಿ ಕಟ್ಟಿ, ಎಂಟ್ರಿ ಹಾಕಿಸ್ಕೊಂಡು ಬಾ" ಅನ್ನುತ್ತಿದ್ದಳು. ಅಂಚೆ ಮಾಸ್ತರರು ನೀಲಿ ಶಾಯಿಯಲ್ಲಿ ಮೊತ್ತ ಬರೆದು, ಮೊಹರು ಒತ್ತಿ, ಪಾಸ್‌ಬುಕ್ಕನ್ನು ಕಿಟಕಿಯಿಂದ ಆಚೆ ತಳ್ಳುತ್ತಿದ್ದರು. ದಾರಿಯುದ್ದಕ್ಕೂ ನಾವು ಅದನ್ನು ತೆರೆದು ಓದುತ್ತಿದ್ದೆವು. ಅಕ್ಕನ ಮದುವೆಗೆ ಎಷ್ಟು ಕೂಡಿದೆ, ಹೋದ ತಿಂಗಳು ಕಟ್ಟಲಿಲ್ಲ ಯಾಕೆ ಎಂಬುದೆಲ್ಲ ನಮಗೆ ಗೊತ್ತಿರುತ್ತಿತ್ತು.

ಶೆಟ್ಟರ ಅಂಗಡಿಯ ಉದ್ರಿ ಪುಸ್ತಕವೂ ಹಾಗೇ. ಬೇಳೆ ಎಷ್ಟು, ಬೆಲ್ಲ ಎಷ್ಟು ಎಂದು ತರುವವರೇ ಬರೆಸಿಕೊಂಡು ಬರಬೇಕು. ತಿಂಗಳ ಕೊನೆಯಲ್ಲಿ ಅಪ್ಪ ಅದನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಕೂಡುತ್ತಿದ್ದರು. ಸಕ್ಕರೆ ಸಾಲು ಉದ್ದವಾಗಿದ್ದರೆ ಮುಂದಿನ ತಿಂಗಳು ಪಾಯಸ ಕಡಿಮೆ ಎಂದು ಮಕ್ಕಳಿಗೂ ತಿಳಿಯುತ್ತಿತ್ತು. ಪಿಗ್ಮಿ ಕಟ್ಟಿಸಿಕೊಳ್ಳುವವರು ಸಂಜೆ ಬಾಗಿಲಿಗೇ ಬರುತ್ತಿದ್ದರು. 1928ರಲ್ಲಿ ಟಿ.ಎಂ.ಎ. ಪೈ ಮತ್ತು ಸಂಗಡಿಗರ ಸಿಂಡಿಕೇಟ್ ಬ್ಯಾಂಕು, ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕೆಂದು ಉಡುಪಿಯಲ್ಲಿ ಶುರುಮಾಡಿದ ಯೋಜನೆ ಅದು. ಸಹಕಾರಿ ಬ್ಯಾಂಕುಗಳಲ್ಲಿ ಈಗಲೂ ಉಸಿರಾಡುತ್ತಿದೆ. ಅಪ್ಪ ಮನೆಯಲ್ಲಿಲ್ಲದ ದಿನ ಅವ್ವ ಕಟ್ಟುತ್ತಿದ್ದಳು, ಅವ್ವನೂ ಇಲ್ಲದ ದಿನ ಅಜ್ಜಿ. ಮನಿಯಾರ್ಡರ್ ಬಂತೆಂದರೆ ಅದರ ತುದಿಯ ಪುಟ್ಟ ಕೂಪನ್ನಿನಲ್ಲಿ ಚಿಕ್ಕಪ್ಪ ಬರೆದ ಎರಡು ಸಾಲನ್ನು ಪೋಸ್ಟ್‌ಮ್ಯಾನೇ ಅಜ್ಜಿಗೆ ಓದಿ ಹೇಳಬೇಕು. ಎಷ್ಟು ಬಂತು, ಯಾತಕ್ಕೆ ಬಂತು ಎಂಬುದು ಕೇರಿಗೇ ತಿಳಿದುಹೋಗುತ್ತಿತ್ತು.

ಮನೆಯ ದುಡ್ಡಿನ ವಿಚಾರ ಆಗ ಮನೆಯವರಿಗೆಲ್ಲ ಗೊತ್ತಿತ್ತು. ಯಾರೂ ಕೂತು ಪಾಠ ಮಾಡಿದ್ದಲ್ಲ. ಕಾಗದ ಕೈಯಿಂದ ಕೈಗೆ ಓಡಾಡುತ್ತಿತ್ತು, ಅದರೊಂದಿಗೆ ತಿಳಿವಳಿಕೆಯೂ ಓಡಾಡುತ್ತಿತ್ತು.

ಮುಚ್ಚುಮರೆ ಇರಲೇ ಇಲ್ಲವೆಂದಲ್ಲ. ಅವ್ವನ ಸಾಸಿವೆ ಡಬ್ಬಿ ಇತ್ತು. ಕೊಬ್ಬರಿ, ಹಾಲು ಮಾರಿದ್ದರಲ್ಲಿ ಉಳಿಸಿದ ಚಿಲ್ಲರೆ ಅಪ್ಪನ ಕಣ್ಣು ತಪ್ಪಿಸಿ ಅಲ್ಲಿ ಸೇರುತ್ತಿತ್ತು. ತನ್ನದೆಂದು ಒಂದು ಖಾತೆಯಿಲ್ಲದ ಹೆಣ್ಣಿಗೆ ಆ ಡಬ್ಬಿಯೇ ಬ್ಯಾಂಕು. 2011ರಲ್ಲಿ ನಾಲ್ಕಾಣೆ ಚಲಾವಣೆಯಿಂದ ಹೋದಾಗ ಅದರ ತಳದ ಪಾವಲಿಗಳು ಬೆಲೆ ಕಳೆದುಕೊಂಡವು. 2016ರ ನವೆಂಬರ್‌ನಲ್ಲಿ ಐನೂರು, ಸಾವಿರದ ನೋಟು ರದ್ದಾದಾಗ ಇಂಥ ಎಷ್ಟೋ ಡಬ್ಬಿಗಳು ಗಂಡ, ಮಕ್ಕಳ ಮುಂದೆ ಬರಿದಾಗಬೇಕಾಯಿತು. ಉದ್ರಿ ಬಾಕಿಯನ್ನು ಶೆಟ್ಟರು ನಾಲ್ಕು ಜನರ ಮುಂದೆ ಕೇಳಿದಾಗ ಆಗುತ್ತಿದ್ದ ಅವಮಾನವನ್ನೂ ನಾನು ಮರೆತಿಲ್ಲ. ಎಲ್ಲವೂ ಬಯಲಲ್ಲಿರುವುದಕ್ಕೂ ತೆರಬೇಕಾದ ಬೆಲೆ ಇತ್ತು.

ಅಪ್ಪ ತೀರಿಕೊಂಡಾಗ ಹನ್ನೊಂದು, ಹದಿಮೂರರ ಕಾರ್ಯ ಮುಗಿಸಿ ಟ್ರಂಕು ತೆಗೆದೆವು. ಮೈಸೂರು ಬ್ಯಾಂಕಿನ ಪಾಸ್‌ಬುಕ್ಕು, ಎನ್‌ಎಸ್‌ಸಿ ಸರ್ಟಿಫಿಕೇಟುಗಳು, ಎಲ್‌ಐಸಿ ಬಾಂಡು, ಪೆನ್ಷನ್ ಕಾಗದ, ಜಮೀನಿನ ಪಹಣಿ, ಯಾರಿಗೋ ಕೊಟ್ಟ ಕೈಸಾಲದ ಚೀಟಿ, ಎಲ್ಲವೂ ಸೆಣಬಿನ ದಾರದಲ್ಲಿ ಬೇರೆ ಬೇರೆ ಕಟ್ಟಿ ಇಟ್ಟಿದ್ದವು. ಹುಡುಕುವ ಕೆಲಸವೇ ಬೀಳಲಿಲ್ಲ. ಯಾವುದು ಯಾವ ಕಟ್ಟಿನಲ್ಲಿದೆ ಎಂದು ಅವ್ವ ಬಾಗಿಲಲ್ಲಿ ಕೂತೇ ಹೇಳಿದಳು. ಓದು ಬರಹ ಅಷ್ಟಾಗಿ ಬಾರದವಳು ಅವಳು.

2021ರ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ದೊಡ್ಡಮ್ಮನ ಮಗ ಹೋದ. ಐಟಿ ಕೆಲಸ, ಒಳ್ಳೆಯ ಸಂಬಳ. ಹಣದ ವಿಷಯದಲ್ಲಿ ಅಪ್ಪನಿಗಿಂತ ಶಿಸ್ತಿನ ಮನುಷ್ಯ. ಅತ್ತಿಗೆ ಎಂಜಿನಿಯರಿಂಗ್ ಓದಿದವರು. ನಾನು ಹೋದಾಗ ಅವರು ಹೇಳಿದ ಮಾತು ಇಷ್ಟೆ: "ಎಲ್ಲಾ ಫೋನಲ್ಲೇ ಇದೆ ಕಣಪ್ಪಾ. ಆದ್ರೆ ಏನೇನಿದೆ ಅಂತ ನಂಗೆ ಗೊತ್ತಿಲ್ಲ."

ಫೋನು ಅವನ ಬೆರಳಚ್ಚಿಗೆ ಮಾತ್ರ ತೆರೆಯುತ್ತಿತ್ತು. ಸಂಬಳ ಒಂದು ಬ್ಯಾಂಕಿಗೆ, ಗೃಹಸಾಲದ ಕಂತು ಇನ್ನೊಂದರಿಂದ, ಮ್ಯೂಚುವಲ್ ಫಂಡು ಒಂದು ಆ್ಯಪಿನಲ್ಲಿ, ಷೇರು ಮತ್ತೊಂದರಲ್ಲಿ. ಬ್ಯಾಂಕಿಗೆ ಹೋಗಿ ಮರಣ ಪ್ರಮಾಣಪತ್ರ ಕೊಟ್ಟು ಸ್ಟೇಟ್‌ಮೆಂಟ್ ತೆಗೆಸಿ, ಒಂದೊಂದು ಸಾಲನ್ನೂ ಪೆನ್ನಿನಿಂದ ಗುರುತು ಹಾಕುತ್ತ ಕೂತೆವು. ವರ್ಷಕ್ಕೊಮ್ಮೆ ಕಡಿತವಾಗುತ್ತಿದ್ದ ಒಂದು ಮೊತ್ತದ ಜಾಡು ಹಿಡಿದಾಗ ಅದು ಟರ್ಮ್ ವಿಮೆಯ ಪ್ರೀಮಿಯಂ ಎಂದು ತಿಳಿಯಿತು. ಆ ಸಾಲನ್ನು ನೋಡದೆ ಮುಂದೆ ಹೋಗಿದ್ದರೆ ವಿಮೆಯ ಹಣ ಕೇಳುವವರೇ ಇರುತ್ತಿರಲಿಲ್ಲ. ಷೇರು ಖಾತೆಗೆ ನಾಮಿನಿ ಇರಲಿಲ್ಲ. ಉತ್ತರಾಧಿಕಾರದ ದಾಖಲೆಗೆಂದು ಅತ್ತಿಗೆ ಬಹಳ ಕಾಲ ಅಲೆದರು.

ಅಪ್ಪನ ಆಸ್ತಿ ಸಣ್ಣದು, ಇವನದು ಅದರ ಎಷ್ಟೋ ಪಟ್ಟು. ಸಣ್ಣದು ಪೂರ್ತಿ ಕೈಗೆ ಬಂತು. ದೊಡ್ಡದು ಪೂರ್ತಿ ಬಂದಿದೆಯೇ ಎಂದು ಕೇಳಿದರೆ ಅತ್ತಿಗೆಯ ಬಳಿ ಇವತ್ತಿಗೂ ಉತ್ತರವಿಲ್ಲ.

ಇದು ನಮ್ಮೊಂದು ಮನೆಯ ಮಾತಲ್ಲ. ಹತ್ತು ವರ್ಷ ಯಾರೂ ಕೇಳದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸುತ್ತವೆ. 2024ರ ಮಾರ್ಚ್ ಕೊನೆಗೆ ಆ ನಿಧಿಯಲ್ಲಿ 78,213 ಕೋಟಿ ರೂಪಾಯಿ ಇತ್ತು. ಸತತ ಏಳು ವರ್ಷ ಡಿವಿಡೆಂಡ್ ಪಡೆಯದ ಷೇರುಗಳು ಐಇಪಿಎಫ್ ಎಂಬ ಇನ್ನೊಂದು ಸರ್ಕಾರಿ ನಿಧಿಗೆ ಹೋಗುತ್ತವೆ. ಈ ಹಣವನ್ನು ಯಾರೂ ಕದ್ದಿಲ್ಲ. ವಾರಸುದಾರರು ದಾಖಲೆಯೊಂದಿಗೆ ಯಾವಾಗ ಬೇಕಾದರೂ ಕೇಳಬಹುದು. ಇದೆ ಎಂದೇ ತಿಳಿಯದವರು ಕೇಳುವುದಾದರೂ ಹೇಗೆ? ವಿಲೀನವಾದ ಬ್ಯಾಂಕುಗಳ ಹಳೆಯ ಪಾಸ್‌ಬುಕ್ಕು ಹಿಡಿದು "ಈ ಬ್ಯಾಂಕೇ ಈಗಿಲ್ಲವಲ್ಲ" ಎಂದು ಸುಮ್ಮನಾದವರನ್ನೂ ನಾನು ಕಂಡಿದ್ದೇನೆ. ಬ್ಯಾಂಕಿನ ಹೆಸರು ಹೋಗಿದೆಯೇ ಹೊರತು ಹಣ ಹೋಗಿಲ್ಲ. ಅದನ್ನು ವಿಲೀನ ಮಾಡಿಕೊಂಡ ಬ್ಯಾಂಕಿನ ಶಾಖೆಯಲ್ಲಿ ಕೇಳಬೇಕು, ಅಷ್ಟೆ.

ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಉದ್ಗಮ್ ಎಂಬ ತಾಣ ತೆರೆದಿದೆ. ನಿಮ್ಮ ಮೊಬೈಲ್ ನಂಬರಿನಿಂದ ನೋಂದಾಯಿಸಿಕೊಂಡು, ತೀರಿಕೊಂಡವರ ಹೆಸರಿನ ಜೊತೆ ಪಾನ್, ಹುಟ್ಟಿದ ದಿನಾಂಕ ಇಂಥ ಯಾವುದಾದರೂ ವಿವರ ಕೊಟ್ಟರೆ, ಯಾವ ಬ್ಯಾಂಕಿನಲ್ಲಿ ವಾರಸುದಾರರಿಲ್ಲದ ಠೇವಣಿ ಇದೆ ಎಂದು ತೋರಿಸುತ್ತದೆ. ಹಣ ಪಡೆಯಲು ಮಾತ್ರ ಶಾಖೆಗೇ ಹೋಗಬೇಕು. ಹಳೆಯ ಪಾಸ್‌ಬುಕ್ಕು ಮನೆಯಲ್ಲಿದ್ದರೆ ವಿಲೀನದ ನಂತರದ ಬ್ಯಾಂಕಿನ ಹೆಸರಿನಲ್ಲಿ ಹುಡುಕಿ.

ಮುಂದೆ ಹೀಗಾಗದಿರಲು ಮಾಡಬೇಕಾದ್ದು ಹೆಚ್ಚೇನಿಲ್ಲ. ನಮ್ಮ ಮನೆಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕಿದೆ. ಬ್ಯಾಂಕು ಯಾವುದು, ಶಾಖೆ ಎಲ್ಲಿ, ವಿಮೆ ಯಾವ ಕಂಪನಿಯದು, ಪಾಲಿಸಿ ನಂಬರು, ಮ್ಯೂಚುವಲ್ ಫಂಡಿನ ಫೋಲಿಯೊ, ಸಾಲ ಎಷ್ಟು, ಯಾರಿಗೆ ಕೊಟ್ಟದ್ದು ಎಷ್ಟು ಎಂದು ಕೈಯಲ್ಲಿ ಬರೆದಿಟ್ಟದ್ದು. ಪಾಸ್‌ವರ್ಡು, ಪಿನ್ನು ಅದರಲ್ಲಿ ಬರೆಯುವುದಿಲ್ಲ, ಬರೆಯಲೂಬಾರದು. ಸತ್ತವರ ಪಿನ್ ಹಾಕಿ ಎಟಿಎಂನಿಂದ ದುಡ್ಡು ತೆಗೆಯುವುದು ನಿಯಮಕ್ಕೆ ವಿರುದ್ಧ. ಆಮೇಲೆ ವಾರಸುದಾರರ ನಡುವೆ ಜಗಳಕ್ಕೂ ಅದೇ ದಾರಿ. ಪ್ರತಿವರ್ಷ ಯುಗಾದಿಯ ಹೊತ್ತಿಗೆ ಆ ಪುಸ್ತಕವನ್ನು ಹೆಂಡತಿ, ಮಕ್ಕಳ ಜೊತೆ ಕೂತು ಓದಿ ತಿದ್ದುತ್ತೇನೆ. ಮೊದಲ ಸಲ ಮಗಳು, "ಅಪ್ಪಾ, ನಿಂಗೆ ಇಷ್ಟೊಂದು ಸಾಲ ಇದ್ಯಾ?" ಎಂದಳು. ಆ ವರ್ಷ ಅವಳು ಹೊಸ ಫೋನು ಕೇಳಲಿಲ್ಲ.

ನಾಮಿನಿ ವಿಷಯದಲ್ಲಿ ಒಂದು ಎಚ್ಚರ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಆದರೆ ನಾಮಿನಿ ಎಂದರೆ ಹಣದ ಒಡೆಯರಲ್ಲ, ವಾರಸುದಾರರ ಪರವಾಗಿ ಪಡೆದುಕೊಳ್ಳುವವರು. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2023ರ ಡಿಸೆಂಬರ್‌ನಲ್ಲಿ ಇದನ್ನೇ ಸ್ಪಷ್ಟಪಡಿಸಿದೆ. ಆಸ್ತಿ ಯಾರಿಗೆ ಸೇರಬೇಕೆಂಬ ಇಚ್ಛೆಯಿದ್ದರೆ ವಿಲ್ಲು ಬರೆಯಿರಿ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರಿಂದಲೂ ಸಹಿ ಹಾಕಿಸಿದರೆ ಬಿಳಿ ಹಾಳೆಯ ಮೇಲಿನ ವಿಲ್ಲೂ ನಡೆಯುತ್ತದೆ. ನೋಂದಣಿ ಮಾಡಿಸಿದರೆ ಇನ್ನೂ ಒಳ್ಳೆಯದು. ಮನೆಖರ್ಚಿನ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ, ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವ ಹಾಗಿರಲಿ. ಹಾಗೆಯೇ ಹೆಂಡತಿಗೆ ತನ್ನದೇ ಒಂದು ಖಾತೆ ಬೇರೆ ಇರಲಿ. ಸಾಸಿವೆ ಡಬ್ಬಿಯ ಹಕ್ಕು ಅದು, ಅದಕ್ಕೆ ಬಡ್ಡಿಯೂ ಬರಲಿ.

ಹಳೆಯ ವಸ್ತುಗಳಿಗಾಗಿ ಮರುಗುವುದು ತಪ್ಪಲ್ಲ, ಖರ್ಚೂ ಇಲ್ಲ. ಆದರೆ ಅವು ತಾವಾಗಿಯೇ ಮಾಡುತ್ತಿದ್ದ ಒಂದು ಕೆಲಸವನ್ನು ಈಗ ನಾವೇ ಮಾಡಬೇಕಾಗಿದೆ. ಈ ಭಾನುವಾರ ಊಟವಾದ ಮೇಲೆ ಟೀವಿ ಆರಿಸಿ, ಮನೆಯವರನ್ನು ಕೂರಿಸಿಕೊಂಡು, ದುಡ್ಡು ಎಲ್ಲೆಲ್ಲಿದೆ ಎಂದು ಹೇಳಿ, ಬರೆದಿಡಿ. ನೀವು ಬರೆಯದೆ ಹೋದರೆ, ಕಷ್ಟಪಟ್ಟು ಉಳಿಸಿದ್ದು ಒಂದು ದಿನ ಆ 78 ಸಾವಿರ ಕೋಟಿಯ ರಾಶಿಗೆ ಸೇರೀತು.